ಗಿಟಾರಿಗೆ ಬೇಗಡೆಯ ಅಂಗಿ

ನನ್ನ ಚಹಾಕ್ಕೆ ಪರಿಮಳವಿಲ್ಲ ಎಂಬುದು ನೀಲವ್ವನ ಹಳೆಯ ದೂರು. ಯಲಬುರ್ಗಾದಲ್ಲಿ ನಾನು ಬಾಡಿಗೆಗೆ ಹಿಡಿದ ಕೋಣೆ ಅವಳ ಮನೆಯ ಪಡಸಾಲೆಗೆ ಅಂಟಿಕೊಂಡದ್ದು. ಬೆಳಿಗ್ಗೆ ದಫ್ತರಕ್ಕೆ ಹೊರಡುವ ಮೊದಲು ನಾನೇ ಚಹಾ ಕುದಿಸಿ, ಅವಳಿಗೊಂದು ಬಟ್ಟಲು ಕೊಟ್ಟು, ನಾನೊಂದು ಬಟ್ಟಲು ಕುಡಿಯುವುದು ರೂಢಿ. ಇವತ್ತು ಅವಳು ಒಂದು ಗುಟುಕು ಕುಡಿದವಳೇ ಬಟ್ಟಲನ್ನು ಕಟ್ಟೆಯ ಮೇಲಿಟ್ಟಳು.

"ಏನ್ರೀ ಇದು? ಬಿಸಿನೀರಿಗೆ ಬಣ್ಣಾ ಹಚ್ಚಿ ಕೊಟ್ಟೀರಿ?"

"ಹೊಸಾ ಪುಡಿನ ಐತಬೇ. ಹೋದ ವಾರದ ಮಂಗಳವಾರ ಒಡದದ್ದು. ಬೇಕಾದ್ರ ಡಬ್ಬಿ ಮುಚ್ಚಳದಾಗ ನಾ ಬರದ ಚೀಟಿ ಐತಿ ನೋಡು."

"ಚೀಟಿ ಕುದಿಸಿ ಕುಡೀಲೇನ್ರಿ? ಮದ್ಲ ಆ ಡಬ್ಬಿ ಬಾಯಿ ಸರಿಯಾಗಿ ಮುಚ್ಚರಿ. ಯಾವಾಗ ನೋಡಿದ್ರೂ ಗಾಳಿ ಆಡತಿರತೈತಿ."

ನಾನು ಡಬ್ಬಿ ತೆಗೆದು ನೋಡಿದೆ. ಡಬ್ಬಿಯಲ್ಲಿ ಉಳಿದಿದ್ದುದೂ ಎರಡೇ ಚಮಚೆ. ಅದನ್ನು ಹಿತ್ತಲಿಗೆ ಚೆಲ್ಲಿ, ಹೊಸ ಪೊಟ್ಟಣವನ್ನು ಒಂದು ದಿನ ಮೊದಲೇ ಒಡೆದೆ. ಹೊರಗಿನ ಕಾಗದ ಹರಿದೊಡನೆ ಒಳಗೆ ಬೇಗಡೆಯ ಹಾಳೆ. ಬೆಳ್ಳಿಯಂತೆ ಹೊಳೆಯುವ, ಉಗುರಿಗೆ ಮೆತ್ತಗೆ ಬಗ್ಗುವ ತೆಳು ಲೋಹ. ಪುಡಿಯನ್ನು ಡಬ್ಬಿಗೆ ಸುರಿದ ಮೇಲೆ ನನ್ನ ಕೈ ತನ್ನಷ್ಟಕ್ಕೆ ತಾನೇ ಆ ಹಾಳೆಯನ್ನು ನೆಲದ ಮೇಲೆ ಹರಡಿ, ಹೆಬ್ಬೆರಳಿನ ಉಗುರಿನಿಂದ ಸುಕ್ಕು ತೀಡತೊಡಗಿತು. ಚಹಾದ ಒಗರು ವಾಸನೆ ಮತ್ತು ಲೋಹದ ತಣ್ಣನೆಯ ವಾಸನೆ ಒಟ್ಟಿಗೆ ಮೂಗಿಗೆ ಬಂತು. ಈ ಎರಡು ವಾಸನೆ ಕೂಡಿ ಬಂದರೆ ನಾನು ಯಲಬುರ್ಗಾದಲ್ಲಿ ಇರುವುದಿಲ್ಲ. ಕೊಪ್ಪಳದ ಹತ್ತಿ ಗಿರಣಿಯ ಗೇಟಿನಲ್ಲಿರುತ್ತೇನೆ. ನನ್ನ ಪಕ್ಕದಲ್ಲಿ ಹುಸೇನ ಚಾಚಾ ಕುಳಿತಿರುತ್ತಾನೆ.

ನನ್ನ ದಿನಚರಿಯ ವಿಷಯ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದಿನದು ನಿಮಗೆ ವಿಚಿತ್ರವೆನಿಸೀತು. ಕುಷ್ಟಗಿಯಲ್ಲಿ ಓದುವಾಗ ಮಾಸ್ತರರೊಬ್ಬರು ಅರ್ಧ ಖಾಲಿ ಉಳಿದ ಹಾಜರಿ ಪುಸ್ತಕವೊಂದನ್ನು ನನಗೆ ಕೊಟ್ಟರು. ಗೆರೆ ಎಳೆದ ಖಾಲಿ ಮನೆಗಳನ್ನು ಕಂಡರೆ ಏನನ್ನಾದರೂ ತುಂಬಬೇಕೆನಿಸುತ್ತದಲ್ಲವೇ? ಅಂದಿನಿಂದ ತುಂಬುತ್ತ ಬಂದಿದ್ದೇನೆ. ಒಮ್ಮೆ ಕುಷ್ಟಗಿಯಿಂದ ಕೊಪ್ಪಳಕ್ಕೆ ಬಸ್ಸಿನಲ್ಲಿ ಹೋಗುವಾಗ ಬಲಬದಿಯ ಬೇವಿನ ಮರಗಳನ್ನು ಎಣಿಸಿದೆ. ಬರುವಾಗ ಎಡಕ್ಕೆ ಕುಳಿತು ಅವೇ ಮರಗಳನ್ನು ಎಣಿಸಿದರೆ ನಾಲ್ಕು ಕಡಿಮೆ! ಎರಡು ದಿನ ಊಟ ರುಚಿಸಲಿಲ್ಲ. ಮೂರನೆಯ ದಿನ ನೆನಪಾಯಿತು, ನಡುವೆ ಎಲ್ಲೋ ನನಗೆ ಕಣ್ಣು ಹತ್ತಿತ್ತು. ಆ ನಿದ್ದೆಯನ್ನೂ ಅದರ ಸಾಲಿನಲ್ಲಿ ಬರೆದ ಮೇಲೆ ಹಸಿವೆಯಾಯಿತು. ಇಂಥ ಮನುಷ್ಯನಿಗೆ ಹತ್ತಿ ಗಿರಣಿಯಲ್ಲಿ ಕೆಲಸ ಸಿಕ್ಕರೆ ಯಾವ ಕೆಲಸ ಸಿಕ್ಕೀತು? ಒಳಬರುವ ಅಂಡಿಗೆಗಳು, ಅಂದರೆ ಹತ್ತಿಯ ಮೂಟೆಗಳು ಎಷ್ಟು, ಹೊರಹೋಗುವ ಅಂಡಿಗೆಗಳು ಎಷ್ಟು ಎಂದು ಗೇಟಿನಲ್ಲಿ ನಿಂತು ಗೀಟು ಹಾಕುವ ಕೆಲಸ ಸಿಕ್ಕಿತು. ನಾಲ್ಕು ಗೀಟು ನಿಲ್ಲಿಸಿ ಐದನೆಯದನ್ನು ಅಡ್ಡ ಹೊಡೆದಾಗ ನನಗೆ ಆಗುತ್ತಿದ್ದ ತೃಪ್ತಿಯನ್ನು ಹೇಳಿದರೆ ನೀವು ನಗುತ್ತೀರಿ.

ಅದು ಎರಡನೆಯ ಮಹಾಯುದ್ಧದ ಕೊನೆಯ ದಿನಗಳ ಕಾಲ. ನನಗೆ ಇಪ್ಪತ್ತು ವರ್ಷ, ಹುಸೇನ ಚಾಚಾನಿಗೆ ನಲವತ್ತು ದಾಟಿತ್ತು. ಅವನ ಕೆಲಸ ಗೇಟು ತೆರೆಯುವುದು, ಮುಚ್ಚುವುದು, ಎತ್ತು ಬೆದರಿದರೆ ಮೂಗುದಾರ ಹಿಡಿಯುವುದು. ಅದಕ್ಕೆ ಮೊದಲು ಅವನು ತುಳಸಾಬಾಯಿಯವರ ನಾಟಕ ಕಂಪನಿಯಲ್ಲಿ ಪಿಟೀಲು ನುಡಿಸುತ್ತಿದ್ದ. ಮಳೆಗಾಲಕ್ಕೆ ಕಂಪನಿ ನಿಂತಾಗ ಗಿರಣಿಗೆ ಕೂಲಿಗೆ ಬರುತ್ತಿದ್ದ. ಹಾಗೆ ಬಂದ ಒಂದು ವರ್ಷ ಹತ್ತಿ ಬಿಡಿಸುವ ಯಂತ್ರಕ್ಕೆ ಅವನ ಎಡಗೈಯ ನಡುವಿನ ಬೆರಳು, ಉಂಗುರದ ಬೆರಳು ಹೋದವು. ತಂತಿ ಒತ್ತುವ ಬೆರಳುಗಳೇ ಹೋದ ಮೇಲೆ ಪಿಟೀಲು ಗೋಡೆಗೆ ಏರಿತು.

"ಎರಡ ಬೆರಳ ಹತ್ತಿಗೆ ಕೊಟ್ಟೀನಿ ತಮ್ಮಾ, ಉಳಿದ ಮೂರು ನನ್ನವು" ಎಂದು ಅವನು ನಗುತ್ತಿದ್ದ. ಆ ಮೂರರಿಂದ ಏನು ಮಾಡಬಹುದೆಂದು ಅವನು ಎಷ್ಟು ದಿನ ಯೋಚಿಸಿದ್ದನೋ, ಅದರ ಲೆಕ್ಕ ನನ್ನಲ್ಲಿಲ್ಲ. ಒಂದು ದಿನ ಅವನ ಹೆಂಡತಿಯ ತಮ್ಮ ಸಿಕಂದರಾಬಾದಿನ ಹಳೆಯ ಬಜಾರಿನಿಂದ ಒಂದು ಗಿಟಾರು ತಂದುಕೊಟ್ಟ. ಯಾರೋ ಸೋಲ್ಜರ್ ಮಾರಿ ಹೋದದ್ದಂತೆ. ಅದನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ತುಂಡೊಂದನ್ನು ಹಿಡಿದು ತಂತಿಯ ಮೇಲೆ ಜಾರಿಸಬೇಕು. ತಂತಿಯನ್ನು ಒತ್ತುವ ಕೆಲಸವೇ ಇಲ್ಲ. ಹೆಬ್ಬೆರಳು, ತೋರುಬೆರಳು, ಹಿಂದೆ ಆಸರೆಗೆ ಕಿರುಬೆರಳು, ಮೂರು ಸಾಕು. ಉಕ್ಕಿನ ತುಂಡು ಗಿರಣಿಯ ಗುಜರಿಯಲ್ಲಿ ಸಿಕ್ಕಿತು. ಅದನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ಅವನು ಕನ್ನಡಿಯಂತೆ ಮಾಡಿದ.

ಆದರೆ ಗಿಟಾರಿನ ದನಿ ತೀರ ಮೆತ್ತಗಿನದು. ಪಕ್ಕದಲ್ಲಿ ಕುಳಿತವನಿಗೆ ಕೇಳೀತು, ನಾಟಕದ ಟೆಂಟಿನ ಕೊನೆಯ ಸಾಲಿಗೆ ಕೇಳುವುದಿಲ್ಲ. ಆ ಹೊತ್ತಿಗೆ ಕಂಪನಿ ನಮ್ಮ ಗಿರಣಿಯ ಹಿಂದಿನ ಬಯಲಿನಲ್ಲೇ ಬಿಡಾರ ಹೂಡಿತ್ತು. ಗಿರಣಿಯ ಎಣ್ಣೆ ಎಂಜಿನ್ನಿಗೆ ತಗಲಿಸಿದ ಡೈನಮೊದಿಂದ ಒಂದು ತಂತಿ ಎಳೆದು ಟೆಂಟಿಗೆ ದೀಪ, ಮೈಕು ಎಲ್ಲ ಮಾಡಿಕೊಂಡಿದ್ದರು. ಗದಗಿನಿಂದ ಬಂದ ಮೈಕಿನವನು ಒಂದು ಉಪಾಯ ಹೇಳಿದ: ಗಿಟಾರಿನ ತಂತಿಗಳ ಕೆಳಗೆ ಒಂದು ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿ ಇಟ್ಟರೆ, ಉಕ್ಕಿನ ತಂತಿ ನಡುಗಿದ್ದನ್ನು ಸುರುಳಿ ಹಿಡಿದು ಮೈಕಿನ ಪೆಟ್ಟಿಗೆಗೆ ಕಳಿಸುತ್ತದೆ. ಕೆಟ್ಟುಹೋದ ಎಂಜಿನ್ನಿನ ಅಯಸ್ಕಾಂತ ಸಿಕ್ಕಿತು, ತಾಮ್ರದ ತಂತಿಯೂ ಸಿಕ್ಕಿತು. ಸುತ್ತಲಿಕ್ಕೆ ನಮ್ಮ ಮನೆಯ ರಾಟಿ ತಂದೆ. ಆ ಕಾಲದಲ್ಲಿ ಎಲ್ಲರೂ ರಾಟಿಯಲ್ಲಿ ನೂಲು ತೆಗೆಯುತ್ತಿದ್ದರು. ನಾವಿಬ್ಬರು ತಾಮ್ರ ಸುತ್ತಿದೆವು. ಅವನು ತಿರುಗಿಸಿದ, ನಾನು ಗೀಟು ಹಾಕಿದೆ. ಮೂರು ಸಲ ತಂತಿ ಹರಿಯಿತು. ಒಟ್ಟು ನಾಲ್ಕು ಸಾವಿರದ ಮುನ್ನೂರ ಹದಿನೈದು ಸುತ್ತು. ದಿನಚರಿಯ ಒಂಬತ್ತು ಪುಟ ಬರೀ ಗೀಟು.

"ಯಾರರೆ ನೋಡಿದ್ರ ಇವಗ ಹುಚ್ಚ ಹಿಡದೈತಿ ಅಂತಾರ ಲೆಕ್ಕಪ್ಪ" ಎಂದ ಚಾಚಾ. ಅವನು ನನ್ನನ್ನು ಕರೆಯುತ್ತಿದ್ದುದೇ ಲೆಕ್ಕಪ್ಪ ಎಂದು.

ಮೊದಲ ತಾಲೀಮಿಗೆ ನಾನೂ ಹೋದೆ. ಮಧ್ಯಾಹ್ನದ ಊಟಕ್ಕೆ ಗಿರಣಿಯ ಭೋಂಗಾ ಕೂಗಿತ್ತು. ತುಳಸಾಬಾಯಿ ರಂಗದ ಮೇಲೆ ಚಾಪೆ ಹಾಸಿ ಕುಳಿತು ಎಲೆ ಅಡಿಕೆ ಮೆಲ್ಲುತ್ತಿದ್ದರು. ಕಂಪನಿಯ ಮಾಲಕರೂ ಅವರೇ, ಮುಖ್ಯ ಪಾತ್ರವೂ ಅವರದೇ. ಮೈಕಿನ ಪೆಟ್ಟಿಗೆಯೊಳಗಿನ ಗಾಜಿನ ಬುರುಡೆಗಳು ಕೆಂಡದಂತೆ ಕೆಂಪಾದವು. ಚಾಚಾ ಇನ್ನೂ ತಂತಿ ಮುಟ್ಟಿರಲಿಲ್ಲ. ಮೇಲೆ ಕಟ್ಟಿದ ಮೈಕಿನ ಕಹಳೆ ತಾನಾಗಿಯೇ ಗುಂಯ್ ಎನ್ನತೊಡಗಿತು.

"ಯಾರರೆ ಜೇನಗೂಡ ಕೆಣಕೀರೇನ್ರೋ?" ಎಂದರು ತುಳಸಾಬಾಯಿ.

ಚಾಚಾ ಗಾಬರಿಯಿಂದ ತಂತಿಗಳ ಮೇಲೆ ಅಂಗೈ ಇಟ್ಟ. ಸದ್ದು ಇಳಿಯಿತು. ಕೈ ಎತ್ತಿದ, ಏರಿತು. ಮತ್ತೆ ಇಟ್ಟ, ಮತ್ತೆ ಎತ್ತಿದ. ನಾನು ಬರೆದುಕೊಂಡೆ: ಕೈ ಇಟ್ಟಾಗ ಇಳಿಕೆ ಹನ್ನೊಂದು ಸಲ, ಎತ್ತಿದಾಗ ಏರಿಕೆ ಹನ್ನೊಂದು ಸಲ. ಆಮೇಲೆ ಅವನು ಉಕ್ಕಿನ ತುಂಡನ್ನು ಮೆಲ್ಲಗೆ ಜಾರಿಸಿದ. ಆ ದನಿಯನ್ನು ನಾನು ಹೇಗೆ ಹೇಳಲಿ? ಗೀಟು ಹಾಕುವವನಿಗೆ ಅಲ್ಲಿ ಗೀಟೇ ಸಿಗಲಿಲ್ಲ. ಒಂದು ಸ್ವರ ಮುಗಿದು ಇನ್ನೊಂದು ಶುರುವಾದ ಜಾಗ ಎಲ್ಲಿಯೂ ಇರಲಿಲ್ಲ. ತುಳಸಾಬಾಯಿ ಬಾಯಿ ಅಲ್ಲಾಡಿಸುವುದನ್ನು ನಿಲ್ಲಿಸಿ ಕಣ್ಣು ಮುಚ್ಚಿದರು.

ಅವರು ಎದ್ದು ತಮ್ಮ ಅಳುವ ಪದ ಹಿಡಿದರು. ಮಗನನ್ನು ಕಳೆದುಕೊಂಡ ತಾಯಿಯ ಪದ ಅದು. ಪ್ರತಿ ಸಾಲಿನ ಕೊನೆಗೆ ಅವರು ನಿಲ್ಲುತ್ತಾರೆ. ಮೊದಲು ಆ ಜಾಗದಲ್ಲಿ ಪಿಟೀಲು ಒಂದು ಮಾತು ಹೇಳುತ್ತಿತ್ತು. ಆಮೇಲೆ ಅದೂ ನಿಲ್ಲುತ್ತಿತ್ತು. ಯಾರೂ ಏನೂ ಅನ್ನದ ಆ ಒಂದು ಗಳಿಗೆಯಲ್ಲಿ ಜನ ಅಳುತ್ತಿದ್ದರು. ಈಗ ಗಿಟಾರು ತನ್ನ ಮಾತು ಹೇಳಿ ನಿಂತಿತು. ಚಾಚಾ ಕೈ ಎತ್ತಿದ. ಕಹಳೆ ಗುಂಯ್ ಎಂದಿತು.

ತುಳಸಾಬಾಯಿ ಪದ ನಿಲ್ಲಿಸಿದರು. "ಹುಸೇನಣ್ಣ, ನಿನ್ನ ಕೈಯಾಗಿನ ವಿದ್ಯಾ ಹೋಗಿಲ್ಲ, ಅದು ಖರೇ. ಆದ್ರ ಮಗನ್ನ ಕಳಕೊಂಡು ನಾ ಸುಮ್ಮನ ನಿಂತಾಗ ಈ ದುಂಬಿ ಹಾಡತೈತಲ್ಲ, ಜನಾ ಅಳತಾರೋ ನಗತಾರೋ ನೀನ ಹೇಳು."

"ಎಂಟ ದಿನಾ ಕೊಡ್ರಿ ಬಾಯಾರ."

"ಮುಂದಿನ ಶುಕ್ರವಾರ ನಮ್ಮ ಗಾಡಿ ಗಂಗಾವತಿಗೆ ಹೊಂಡತಾವ. ಗುರುವಾರ ಮಧ್ಯಾಹ್ನ ಕಡೀ ತಾಲೀಮು. ಅಷ್ಟರಾಗ ಈ ಗುಂಯ್ ನಿಲ್ಲಲಿಲ್ಲಂದ್ರ ನಿನ್ನ ಜಾಗಾಕ್ಕ ಇನ್ನೊಬ್ಬ ಪೇಟಿಯವನ್ನ ಕೂಡಸ್ತೀನಿ. ಮನಸಿನಾಗ ಇಟಗೋಬ್ಯಾಡ, ಕಂಪನಿ ನಡೀಬೇಕು."

ಪೇಟಿ, ಅಂದರೆ ಹಾರ್ಮೋನಿಯಂ. ಅದು ಗುಂಯ್ ಎನ್ನುವುದಿಲ್ಲ. ಗೇಟಿಗೆ ಮರಳುವಾಗ ಚಾಚಾ ಒಂದು ಮಾತು ಹೇಳಿದ: "ಗೇಟಿನ್ಯಾಗ ಕುಂತು ಗಾಡಿ ನೋಡೂದೂ ಕೆಲಸನ ತಮ್ಮಾ, ಇಲ್ಲ ಅನ್ನಂಗಿಲ್ಲ. ಆದ್ರ ಇಲ್ಲಿ ಯಾರೂ ನನ್ನ ಕಡೆ ನೋಡಿ 'ಶುರು ಮಾಡ್ರಿ' ಅನ್ನೂದಿಲ್ಲ."

ಮೈಕಿನವನು ಬೇರೆ ಕೆಲಸಕ್ಕೆ ಗದಗಿಗೆ ಹೊರಟಿದ್ದ. ಸ್ಟೇಷನ್ನಿನವರೆಗೆ ಅವನ ಚೀಲ ಹೊತ್ತುಕೊಂಡು ಹೋಗಿ ಕೇಳಿದೆವು. ರೈಲಿನ ಕಿಟಕಿಯಲ್ಲಿ ತಲೆ ಹಾಕಿ ಅವನು ಅವಸರದಲ್ಲಿ ಹೇಳಿದ್ದು ಇಷ್ಟು: "ದೀಪದ ತಂತಿ ಗದ್ದಲಾ ಎಲ್ಲಾ ಗಾಳ್ಯಾಗ ಐತ್ರಿ. ನಿಮ್ಮ ಸುರಳಿ ಕಿವಿ ಇದ್ದಂಗ, ಎಲ್ಲಾ ಕೇಳತೈತಿ. ಸುರಳಿ ಇರೋ ಕುಣಿಗೆ ಸುತ್ತೂಕಡೆ ಲೋಹದ ಅಂಗಿ ತೊಡಸ್ರಿ. ಅಂಗಿಗೆ ಒಂದ ತಂತಿ ಹಚ್ಚಿ ನೆಲಕ್ಕ ಬಿಡ್ರಿ. ಗದ್ದಲಾ ಅಂಗಿಗೆ ಬಡದು ನೆಲಕ್ಕ ಇಳದು ಹೋಗತೈತಿ." ರೈಲು ಹೊರಟಿತು. ಅಂಗಿ ಯಾವ ಬಟ್ಟೆಯದು ಎಂದು ಕೇಳುವುದು ಉಳಿದುಹೋಯಿತು.

ಸ್ಟೇಷನ್ನಿನ ಹೊರಗೆ ಚಹಾದ ಅಂಗಡಿ. ಚಹಾ ಕುಡಿಯುತ್ತ ಕುಳಿತಾಗ ಅಂಗಡಿಯವ ಹೊಸ ಪೊಟ್ಟಣ ಒಡೆದು ಬೇಗಡೆಯನ್ನು ಮುದುಡಿ ಎಸೆದ. ಚಾಚಾ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಆ ಅಂಗಡಿಯಿಂದ ಹತ್ತು ಹಾಳೆ, ಪೇಟೆಯ ಅಂಗಡಿಗಳಿಂದ ಎಂಟು, ಗಿಣಿಗೇರಾ ಸ್ಟೇಷನ್ನಿನ ಬಳಿ ಒಡೆದು ಬಿದ್ದಿದ್ದ ಚಹಾದ ಮರದ ಪೆಟ್ಟಿಗೆಯಿಂದ ದೊಡ್ಡವು ಐದು. ಒಟ್ಟು ಇಪ್ಪತ್ತಮೂರು. ಯುದ್ಧದ ಕಾಲದಲ್ಲಿ ಇಷ್ಟು ಬೇಗಡೆ ಕೂಡಿಸುವುದು ಸಣ್ಣ ಮಾತಲ್ಲ.

ನೆಲಕ್ಕೆ ಬಿಡುವ ತಂತಿಗೆ ಟೆಂಟಿನ ಹಿಂದೆ ಒಂದು ಕಬ್ಬಿಣದ ಸಲಾಕೆ ಮೊದಲೇ ಹುಗಿದಿತ್ತು. ಎರೆಮಣ್ಣು ಒಣಗಿ ಬಿರುಕು ಬಿಟ್ಟರೆ ಸಲಾಕೆ ನೆಲವನ್ನು ಹಿಡಿಯುವುದಿಲ್ಲ, ದಿನಾ ನೀರು ಹಾಕಬೇಕು ಎಂದು ಅದನ್ನು ಹುಗಿಯುವಾಗಲೇ ಮೈಕಿನವನು ಹೇಳಿದ್ದ. ನಾನು ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ ತಪ್ಪದೆ ಹಾಕಿದೆ. ಕಂಪನಿಯಲ್ಲಿ ರಾಕ್ಷಸನ ಪಾತ್ರ ಮಾಡುವವನೊಬ್ಬನಿದ್ದ. ಹಲ್ಲು ತಿಕ್ಕುತ್ತ ದಿನವೂ ನಿಂತು ನೋಡುತ್ತಿದ್ದ. "ಏನ್ ಕಾರಕೂನಪ್ಪ, ನಿನ್ನ ಕಬ್ಬಿಣದ ಗಿಡಾ ಯಾವಾಗ ಹೂ ಬಿಡತೈತಿ?" ಎಂದು ಕೇಳುತ್ತಿದ್ದ. ನಾನು ಅದನ್ನೂ ಬರೆದುಕೊಂಡಿದ್ದೇನೆ. ನಾಲ್ಕು ಸಲ ಕೇಳಿದ್ದಾನೆ.

ಇನ್ನು ಅಂಟಿಸುವ ಕೆಲಸ. ಇದನ್ನು ನಾನೇ ಮುಂದಾಗಿ ವಹಿಸಿಕೊಂಡೆ. ಗೋಧಿ ಹಿಟ್ಟಿನ ಅಂಟು ಕಾಸಿ, ಗಿಟಾರಿನ ಹೊಟ್ಟೆಯಲ್ಲಿ ಸುರುಳಿ ಕೂಡಲೆಂದು ಕೊರೆದ ಕುಣಿಗೆ ಸುತ್ತಲೂ ಬೇಗಡೆ ಹಚ್ಚತೊಡಗಿದೆ. ಒಂದು ತುಂಡಿನ ಅಂಚು ಇನ್ನೊಂದರ ಮೇಲೆ ಬರುವಲ್ಲಿ ನಡುವೆ ಒಂದೊಂದು ಕಾಗದದ ಪಟ್ಟಿ ಇಟ್ಟೆ. ಅದರ ಮೇಲೆ ತುಂಡಿನ ಸಂಖ್ಯೆ, ಯಾವ ಅಂಗಡಿಯದು, ಯಾವ ದಿನ ಅಂಟಿಸಿದ್ದು. ನಾಳೆ ಬಿಚ್ಚುವ ಪ್ರಸಂಗ ಬಂದರೆ ಅದೇ ಕ್ರಮದಲ್ಲಿ ಮತ್ತೆ ಜೋಡಿಸಬಹುದಲ್ಲ!

"ಚೀಟಿ ಬೇಕಾ ತಮ್ಮಾ?" ಎಂದು ಚಾಚಾ ಒಮ್ಮೆ ಕೇಳಿದ.

"ಬೇಕ ಬೇಕು ಚಾಚಾ. ಇಲ್ಲಂದ್ರ ಯಾವುದು ಎಲ್ಲಿದು ತಿಳಿಯೂದಿಲ್ಲ."

"ಓದಿದಾವ ನೀನು. ಹಚ್ಚು."

ಕೊನೆಗೆ ಒಂದನೆಯ ತುಂಡಿಗೆ ನೆಲದ ತಂತಿ ಕಟ್ಟಿದೆ. ನೋಡಲಿಕ್ಕೆ ಅದು ಎಷ್ಟು ಚಂದ ಇತ್ತೆಂದರೆ, ಕುಣಿಗೆ ಮುಚ್ಚಳ ಹಾಕುವ ಮೊದಲು ಇಬ್ಬರೂ ತಿರುಗಿಸಿ ತಿರುಗಿಸಿ ನೋಡಿದೆವು.

ಮಂಗಳವಾರ ಪರೀಕ್ಷೆ. ಬುರುಡೆ ಕೆಂಪಾಯಿತು, ಕಹಳೆ ಗುಂಯ್ ಎಂದಿತು. ಮೊದಲು ಎಷ್ಟಿತ್ತೋ ಅಷ್ಟೇ. ಕೈ ಇಟ್ಟರೆ ಇಳಿಯಿತು, ಎತ್ತಿದರೆ ಏರಿತು. ರಾಕ್ಷಸನ ಪಾತ್ರದವನು, "ದುಂಬಿಗೆ ಜರತಾರಿ ಅಂಗಿ ತೊಡಸ್ಯಾರ, ಈಗ ಡೌಲಿನಿಂದ ಹಾಡಾಕತ್ತೈತಿ" ಎಂದ. ಎಲ್ಲರೂ ನಕ್ಕರು. ತುಳಸಾಬಾಯಿ ನಗಲಿಲ್ಲ. "ಗುರುವಾರ ಐತಲ್ಲ ಇನ್ನಾ" ಎಂದಷ್ಟೇ ಹೇಳಿ ಒಳಗೆ ಹೋದರು. ಆ ಮೆತ್ತಗಿನ ಮಾತು ಕೇಳಿ ನನಗೆ ಹೆಚ್ಚು ಹೆದರಿಕೆಯಾಯಿತು.

ಮರುದಿನ ಗಿರಣಿಯಲ್ಲಿ ಒಂದು ಕೋಷ್ಟಕ ಬರೆದೆ. ತಪ್ಪು ಎಲ್ಲೆಲ್ಲಿ ಇರಬಹುದು: ಸಲಾಕೆ, ನೀರು, ನೆಲದ ತಂತಿ, ಮೈಕಿನ ಪೆಟ್ಟಿಗೆ, ಎಂಜಿನ್ನಿನ ವೇಗ, ಅಯಸ್ಕಾಂತ. ಊಟದ ಬಿಡುವಿನಲ್ಲಿ ಓಡಿಹೋಗಿ ಒಂದೊಂದನ್ನೇ ನೋಡಿ ಬಂದು, ಎದುರಿಗೆ 'ಸರಿ' ಎಂದು ಬರೆದೆ. ಆರು ಸಾಲು, ಆರೂ ಸರಿ. ನನ್ನ ಹೆಸರಿನ ಸಾಲು ಅದರಲ್ಲಿ ಇರಲಿಲ್ಲ.

ಅಂದು ಸಂಜೆ ಗಿರಣಿ ಬಿಟ್ಟೊಡನೆ ಗಿಟಾರು ಹೊತ್ತುಕೊಂಡು ಚಾಚಾನ ಮನೆಗೆ ಹೋದೆವು. ಕೋಟೆಯ ಕೆಳಗಿನ ಓಣಿಯಲ್ಲಿ ಅವನ ಮನೆ. ಹೆಂಡತಿ ಜೈತುನಬಿ ಅಂಗಳದಲ್ಲಿ ತಿದಿ ಒತ್ತುತ್ತ ತಾಮ್ರದ ಹಂಡೆಯೊಂದಕ್ಕೆ ಕಲಾಯಿ ಹಾಕುತ್ತಿದ್ದಳು. ಅವಳ ತವರು ಗಂಗಾವತಿ. ಪಾತ್ರೆಗೆ ತವರದ ಲೇಪ ಕೊಡುವ ಈ ಕಲಾಯಿ ಅವಳ ತಂದೆಯ ಕಾಲದಿಂದ ಬಂದ ಕಸುಬು. ಕೆಂಡದ ಮೇಲೆ ಕಾದ ಹಂಡೆಗೆ ನವಸಾಗರದ ಪುಡಿ ಬಿದ್ದು ಬಿಳಿ ಹೊಗೆ ಎದ್ದಿತ್ತು. ನಮ್ಮ ಮುಖ ನೋಡಿದವಳೇ ಕೈ ಒರೆಸಿಕೊಂಡು ಬಂದು, "ತಗೀರಿ ಇತ್ತಾಗ, ನಾನರೆ ಒಮ್ಮಿ ನೋಡತೀನಿ" ಎಂದು ಗಿಟಾರಿನ ಮುಚ್ಚಳ ಬಿಚ್ಚಿದಳು. ಉಗುರಿನಿಂದ ಒಂದು ಅಂಚನ್ನು ಎಬ್ಬಿಸಿದಳು.

"ಅರೆ, ಇದೇನು ಸಂದಿ ಸಂದಿಗೆ ಕಾಗದಾ ತುರಕೀರಿ?"

"ನಂಬರ ಚೀಟಿ ಚಾಚಿ" ಎಂದೆ.

"ನಂಬರ!" ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ನೋಡಪಾ ನಮ್ಮಪ್ಪ, ಒಂದ ಕೂದಲಿನಷ್ಟು ಮಸಿ ಉಳಿದ್ರ ಪಾತ್ರಿಗೆ ತವರಾ ಹಿಡಿಯಂಗಿಲ್ಲ. ಅದಕ್ಕ ಮೈ ಮುರದು ತಿಕ್ಕತೀವಿ. ನೀ ಇಲ್ಲಿ ಹಿಟ್ಟಿನ ಅಂಟು, ಮ್ಯಾಲ ಕಾಗದಾ, ಅದರ ಮ್ಯಾಲ ಮತ್ತ ಅಂಟು ಬಳದೀದಿ. ಲೋಹಕ್ಕ ಲೋಹ ಎಲ್ಲಿ ಮುಟ್ಟೈತಿ ತೋರಸು? ಇದು ಅಂಗಿ ಅಲ್ಲ. ಇಪ್ಪತ್ತಮೂರ ಚಿಂದಿ. ಯಾವುದೂ ಹೊಲದಿಲ್ಲ."

ನೆಲದ ತಂತಿ ಕಟ್ಟಿದ್ದು ಒಂದನೆಯ ತುಂಡಿಗೆ. ಉಳಿದ ಇಪ್ಪತ್ತೆರಡು ತುಂಡುಗಳಿಗೆ ನೆಲದ ಸುದ್ದಿಯೇ ಇರಲಿಲ್ಲ. ಗದ್ದಲ ಅವುಗಳಿಗೆ ಬಡಿದು, ಇಳಿಯಲು ದಾರಿಯಿಲ್ಲದೆ, ಅಲ್ಲೇ ಕುಳಿತಿತ್ತು. ದಾರಿ ಮುಚ್ಚಿದ್ದು ನನ್ನ ಅಕ್ಷರ. ಚಾಚಾ ಒಂದು ಮಾತು ಬಯ್ದಿದ್ದರೆ ಹಗುರಾಗುತ್ತಿದ್ದೆ. ಅವನು ಹೆಂಡತಿಗೇ, "ಬಿಡ, ಛಲೋ ಆಗಲಿ ಅಂತನ ಮಾಡ್ಯಾನ" ಎಂದ.

"ಛಲೋ ಆಗಲಿ ಅಂತ ಮಾಡಿದ್ದಕ್ಕ ಕಡ್ಡಿ ಕೊಡತೀನಿ. ಕೂತು ಎಲ್ಲಾ ಚೀಟಿ ಕೀಳಲಿ" ಎಂದಳು ಅವಳು.

ಕಿತ್ತೆ. ಎಣಿಸಬಾರದೆಂದು ನಿರ್ಧಾರ ಮಾಡಿಕೊಂಡೆ. ಆದರೂ ಎಣಿಸಿದೆ, ಇಪ್ಪತ್ತೆರಡು. ಬಿಸಿನೀರಿನ ಅರಿವೆಯಿಂದ ಅಂಟು ಒರೆಸಿದೆವು. ಜೈತುನಬಿ ಪ್ರತಿ ಅಂಚನ್ನೂ ಹುಣಸೆಹಣ್ಣು ಹಚ್ಚಿ ಹಗುರಾಗಿ ತಿಕ್ಕಿದಳು. ಆಮೇಲೆ ಎರಡು ಹಾಳೆಗಳ ಅಂಚು ಕೂಡಿಸಿ, ಕರಚಿಕಾಯಿಯ ಅಂಚನ್ನು ಹೇಗೆ ಚಿವುಟಿ ಮಡಿಸುತ್ತಾರೋ ಹಾಗೆ ಮಡಿಸಿ, ಚಮಚೆಯ ಬೆನ್ನಿನಿಂದ ಒತ್ತಿದಳು. "ಹೂರಣಾ ಹೊರಗ ಬರಬಾರದು ನೋಡು" ಎಂದು ನನಗೆ ಕಲಿಸಿಯೂ ಕೊಟ್ಟಳು. ಬೇಗಡೆ ಬೆಂಕಿ ತಡೆಯುವುದಿಲ್ಲವೆಂದು, ಚಿಮಣಿ ಎಣ್ಣೆ ಡಬ್ಬಿಯಿಂದ ಕತ್ತರಿಸಿದ ತಗಡಿನ ಪಟ್ಟಿಗೆ ಮೊದಲೇ ತಂತಿ ಬೆಸೆದು, ಆ ಪಟ್ಟಿಯನ್ನು ಬೇಗಡೆಯ ಮಡಿಕೆಯೊಳಗೆ ಸೇರಿಸಿ ಬಿಗಿದಳು. ಮುಚ್ಚಳದ ಒಳಮೈಗೂ ಬೇಗಡೆ ಹಚ್ಚಿ, ಅದು ಕುಣಿಯ ಅಂಚಿಗೆ ಮುಟ್ಟುವಂತೆ ಮಾಡಿದಳು. ಸಂಜೆಯ ಅಜಾನ್ ಆಗುವಷ್ಟರಲ್ಲಿ ಕೆಲಸ ಮುಗಿದಿತ್ತು. ನನಗೆ ಐದು ದಿನ ಹಿಡಿದಿತ್ತು.

ಗುರುವಾರ ಮಧ್ಯಾಹ್ನ. ಸಲಾಕೆಗೆ ಎರಡು ಕೊಡ ನೀರು ಹಾಕಿದೆ. ತುಳಸಾಬಾಯಿ ಸೆರಗು ಸಿಕ್ಕಿಸಿ ನಿಂತಿದ್ದರು. ಇನ್ನೊಬ್ಬ ಪೇಟಿಯವನು ಪಕ್ಕದಲ್ಲೇ ತನ್ನ ಪೇಟಿಯ ಮೇಲೆ ಕೈಕಟ್ಟಿ ಕುಳಿತಿದ್ದ. ಜೈತುನಬಿ ಟೆಂಟಿನ ಬಾಗಿಲಲ್ಲಿ, ಒಳಗೂ ಅಲ್ಲ ಹೊರಗೂ ಅಲ್ಲ ಎಂಬಂತೆ ನಿಂತಿದ್ದಳು. ಗುಂಡಿ ಒತ್ತಿದರು. ಬುರುಡೆ ಕೆಂಪಾಯಿತು. ನಾವು ಕಾದೆವು.

ಏನೂ ಇಲ್ಲ. ಪೂರ್ತಿ ಇಲ್ಲವೆಂದರೆ ಸುಳ್ಳಾದೀತು. ಪಕ್ಕದ ಮನೆಯ ಕೋಣೆಯಲ್ಲಿ ಒಂದು ನೊಣ ಇದ್ದರೆ ಎಷ್ಟೋ ಅಷ್ಟು. ಚಾಚಾ ಕೈ ಇಟ್ಟ, ಎತ್ತಿದ. ವ್ಯತ್ಯಾಸವಿಲ್ಲ.

"ಪೆಟಗಿ ಚಾಲೂ ಐತಿಲ್ಲೋ?" ಎಂದರು ತುಳಸಾಬಾಯಿ.

ಚಾಚಾ ಉತ್ತರವಾಗಿ ಉಕ್ಕನ್ನು ಒಮ್ಮೆ ಜಾರಿಸಿದ. ಟೆಂಟು ತುಂಬಿತು.

ಅವರು ಪದ ಹಿಡಿದರು. ಸಾಲು ಮುಗಿಯಿತು. ಗಿಟಾರು ತನ್ನ ಮಾತು ಹೇಳಿತು. ಇಬ್ಬರೂ ನಿಂತರು. ಗೋಡೆಯಾಚೆ ಗಿರಣಿಯ ಎಂಜಿನ್ನು ದೂರದಿಂದ ಧುಕ್ ಧುಕ್ ಎನ್ನುತ್ತಿತ್ತು. ಟೆಂಟಿನ ಬಿದಿರಿನ ಮೇಲೆ ಗುಬ್ಬಿಯೊಂದು ರೆಕ್ಕೆ ಬಡಿಯಿತು. ಅಷ್ಟರಲ್ಲಿ, ಬಹಳ ಹತ್ತಿರದಲ್ಲಿ, ಕರ ಕರ ಎಂದು ಏನೋ ಕೆರೆದ ಸದ್ದು. ತುಳಸಾಬಾಯಿ ಕತ್ತು ತಿರುಗಿಸಿದರು. ಎಲ್ಲರೂ ತಿರುಗಿಸಿದರು. ಅದು ನನ್ನ ಪೆನ್ಸಿಲು. ಆ ಮೌನ ಎಷ್ಟು ಉದ್ದ ಎಂದು ನಾಡಿಯ ಬಡಿತಕ್ಕೊಂದು ಗೀಟು ಹಾಕುತ್ತಿದ್ದೆ.

"ಗಿಟಾರಿಗೇನೋ ಅಂಗಿ ಹೊಲದ್ರಿ. ಈ ಕಾರಕೂನಗ ಯಾರ ಹೊಲಿಯೋರು?" ಎಂದರು ತುಳಸಾಬಾಯಿ. ರಾಕ್ಷಸ ಬಿದ್ದು ಬಿದ್ದು ನಕ್ಕ. ಬಾಗಿಲಲ್ಲಿ ಜೈತುನಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಪೆನ್ಸಿಲನ್ನು ಚಾಪೆಯ ಮೇಲಿಟ್ಟು ಅದರ ಮೇಲೆ ಅಂಗೈ ಇಟ್ಟೆ, ಅದು ತಾನಾಗಿ ಎದ್ದು ಬರೆದೀತೋ ಎಂಬಂತೆ.

ನಗೆ ಅಡಗಿತು. ತುಳಸಾಬಾಯಿ ಮತ್ತೆ ತಮ್ಮ ಜಾಗಕ್ಕೆ ಹೋಗಿ ನಿಂತರು. ಇನ್ನೊಬ್ಬ ಪೇಟಿಯವನಿಗೆ, "ನೀ ಇವತ್ತ ಹಿಂದ ಕೂಡಪಾ" ಎಂದರು. ಆಮೇಲೆ ಚಾಚಾನ ಕಡೆ ನೋಡಿದರು.

"ಮದಲಿಂದ. ಶುರು ಮಾಡ್ರಿ ಹುಸೇನಣ್ಣ."

ಯಾವಾಗಲೂ ಅವನಿಗೆ 'ನೀನು' ಎನ್ನುತ್ತಿದ್ದವರು ಅಂದು 'ಮಾಡ್ರಿ' ಎಂದರು. ಚಾಚಾ ಮೂರು ಬೆರಳುಗಳಲ್ಲಿ ಉಕ್ಕಿನ ತುಂಡನ್ನು ಹಿಡಿದು ತಂತಿಯ ಮೇಲಿಟ್ಟ. ಪದ ಕೊನೆಯವರೆಗೆ ಹೋಯಿತು. ನಡುವೆ ಎಷ್ಟು ಸಲ ಮೌನ ಬಂತು, ಒಂದೊಂದೂ ಎಷ್ಟು ಉದ್ದವಿತ್ತು, ನನಗೆ ಗೊತ್ತಿಲ್ಲ. ರಾಕ್ಷಸ ಎರಡನೆಯ ಸಾಲಿಗೇ ಮೂಗು ಒರೆಸಿಕೊಳ್ಳುತ್ತಿದ್ದ.

ಶುಕ್ರವಾರ ಬೆಳಿಗ್ಗೆ ಗಾಡಿಗಳು ಗಂಗಾವತಿಗೆ ಹೊರಟವು. ಗಿಟಾರನ್ನು ಕೌದಿಯಲ್ಲಿ ಸುತ್ತಿ ಎದೆಗವಚಿಕೊಂಡು ಚಾಚಾ ಮೂರನೆಯ ಗಾಡಿಯಲ್ಲಿ ಕುಳಿತಿದ್ದ. ಜೈತುನಬಿ ತಿದಿಯನ್ನು ಕಾಲಡಿಗೆ ಇಟ್ಟುಕೊಂಡಿದ್ದಳು. ತವರಿನ ಕಡೆಯೇ ಹೊರಟಿದ್ದರಿಂದ ಮುಖದಲ್ಲಿ ಕಳೆ ಇತ್ತು. ಗಿರಣಿಯ ಗೇಟನ್ನು ಆವತ್ತು ನಾನೇ ತೆರೆದು ನಿಂತಿದ್ದೆ.

"ಲೆಕ್ಕಪ್ಪ, ಆ ಚೀಟಿ ಒಗದ್ಯಾ, ಇಟ್ಟೀಯಾ?" ಎಂದು ಚಾಚಾ ಗಾಡಿಯಿಂದಲೇ ಕೂಗಿದ.

"ಇಟ್ಟೀನಿ ಚಾಚಾ, ದಿನಚರಿಯೊಳಗ."

"ಇಟ್ಟಿರತೀಯಂತ ಗೊತ್ತಿತ್ತು ಬಿಡ!" ಎಂದು ಅವನು ನಕ್ಕ ನಗೆ ಸ್ಟೇಷನ್ನಿನ ತಿರುವಿನವರೆಗೂ ಕೇಳಿತು. ಆಮೇಲೆ ನನಗೆ ಈ ದಫ್ತರದ ಕೆಲಸ ಸಿಕ್ಕಿತು, ಯಲಬುರ್ಗಾಕ್ಕೆ ಬಂದೆ. ವರ್ಷಕ್ಕೊಮ್ಮೆ ಯಾರಾದರೂ ಕಂಪನಿಯ ಸುದ್ದಿ ತರುತ್ತಾರೆ. ಅಲ್ಲಿ ತೊಡೆಯ ಮೇಲೆ ತಂತಿವಾದ್ಯ ಇಟ್ಟುಕೊಂಡು ಮೂರು ಬೆರಳಿನಲ್ಲಿ ಜನರನ್ನು ಅಳಿಸುವವನೊಬ್ಬ ಇದ್ದಾನೆ ಎನ್ನುತ್ತಾರೆ.

ಬೇಗಡೆ ತೀಡುವುದನ್ನು ನಿಲ್ಲಿಸಿ, ಪೆಟ್ಟಿಗೆಯ ತಳದಿಂದ ಆ ವರ್ಷದ ದಿನಚರಿ ತೆಗೆದೆ. ಇಪ್ಪತ್ತೆರಡು ಚೀಟಿಗಳು ಹಳದಿಯಾಗಿ ಹಾಗೆಯೇ ಇದ್ದವು. ಆ ಕಡೆಯ ತಾಲೀಮಿನ ಗುರುವಾರದ ಪುಟದಲ್ಲಿ ಮೂರು ಗೀಟು, ಮೂರನೆಯದು ಅರ್ಧಕ್ಕೆ ನಿಂತದ್ದು. ಕೆಳಗೆ ಪುಟವೆಲ್ಲ ಖಾಲಿ. ನನ್ನ ಇಷ್ಟು ವರ್ಷದ ಪುಸ್ತಕಗಳಲ್ಲಿ ಖಾಲಿ ಬಿಟ್ಟ ಪುಟ ಅದೊಂದೇ. ತುಂಬಿಸಬೇಕು ಎಂದು ಎಷ್ಟೋ ಸಲ ಅಂದುಕೊಂಡಿದ್ದೆ.

ಪುಸ್ತಕವನ್ನು ಮುಚ್ಚಿ ಒಳಗಿಟ್ಟು ಚಹಾದ ಡಬ್ಬಿಯನ್ನು ಕೈಗೆತ್ತಿಕೊಂಡೆ. ಮುಚ್ಚಳದ ಒಳ ಅಂಚಿಗೆ ನನ್ನ ಚೀಟಿ ಇತ್ತು: 'ಒಡೆದದ್ದು, ಮಂಗಳವಾರ'. ಅದರ ಕೆಳಗೆ ಹಿಂದಿನದು, ಅದರ ಕೆಳಗೆ ಅದರ ಹಿಂದಿನದು, ಒಂದರ ಮೇಲೊಂದು, ಎಲ್ಲವೂ ಗೋಧಿ ಹಿಟ್ಟಿನ ಅಂಟಿನಲ್ಲಿ. ಉಗುರಿನಿಂದ ಎಬ್ಬಿಸಿದೆ. ಒಟ್ಟಿಗೆ ಒಂದು ದಪ್ಪ ಹಪ್ಪಳದಂತೆ ಕಳಚಿ ಬಂತು. ಒದ್ದೆ ಅರಿವೆಯಿಂದ ಅಂಚನ್ನು ಒರೆಸಿ, ಒಣಗಿಸಿ, ಮುಚ್ಚಳ ಒತ್ತಿದೆ. ಟಪ್ ಎಂದು ಕೂತಿತು. ಈ ಡಬ್ಬಿಗೆ ಇಂಥದೊಂದು ದನಿ ಇದೆ ಎಂಬುದು ನನಗೆ ಗೊತ್ತೇ ಇರಲಿಲ್ಲ.

"ಏನ್ರೀ ಅದು ಸಪ್ಪಳಾ?" ಎಂದು ನೀಲವ್ವ ಪಡಸಾಲೆಯಿಂದ ಕೇಳಿದಳು.

"ಡಬ್ಬಿ ಮುಚ್ಚಿದೆ ಯವ್ವಾ" ಎಂದೆ.